ಮರಳಿನ ಮೇಲೆ ಗುಳ್ಳೆ ಕಟ್ಟುವ ಕಂದು ಲೋಳೆ. ನೈಟ್ರೇಟ್, ಫಾಸ್ಫೇಟ್ ಎರಡೂ ಸೊನ್ನೆ. ಇನ್ನೇನು ತೆಗೆಯಬೇಕು?

ಮರಳುತಳ

ಉಪ್ಪುನೀರಿನ ಹವಳದ ತೊಟ್ಟಿ, 90×40×40 ಸೆಂ.ಮೀ. ಕಲ್ಲು, ಮರಳು ಕಳೆದು ನೀರು ಸುಮಾರು 110 ಲೀಟರ್. ನಾಲ್ಕು ತಿಂಗಳ ತೊಟ್ಟಿ. ಖರ್ಚು ಹಿಡಿತದಲ್ಲಿರಲಿ ಎಂದು ಲೈವ್ ರಾಕ್ (ಜೀವಿಗಳಿರುವ ಸಮುದ್ರದ ಕಲ್ಲು) ಬದಲು ಪೂರ್ತಿ ಡ್ರೈ ರಾಕ್ (ಜೀವಿಗಳಿಲ್ಲದ ಒಣ ಕಲ್ಲು) ಹಾಕಿದ್ದು, 14 ಕೆಜಿ. ಸಂಪ್ (ಕೆಳಗಿಡುವ ಸೋಸುವ ತೊಟ್ಟಿ) ಇಲ್ಲ. ಹಿಂಬದಿಗೆ ನೇತುಹಾಕುವ ಸ್ಕಿಮ್ಮರ್ (ನೊರೆಯೆಬ್ಬಿಸಿ ಕೊಳೆಯನ್ನು ಬಟ್ಟಲಿಗೆ ತೆಗೆಯುವ ಯಂತ್ರ), ನೀರು ಅಲೆಯಾಡಿಸುವ ಎರಡು ವೇವ್‌ಮೇಕರ್, ಬಿಳಿ-ನೀಲಿ ಎಲ್‌ಇಡಿ ದಿನಕ್ಕೆ 10 ಗಂಟೆ. ಒಳಗೆ ಎರಡು ಕ್ಲೌನ್ ಮೀನು, ಝೊವಾಂತಿಡ್, ಮಶ್ರೂಮ್, ಗ್ರೀನ್ ಸ್ಟಾರ್ ಪಾಲಿಪ್ ಹವಳಗಳು.

ಅಳತೆಗಳು: ಸಾಂದ್ರತೆ 1.025 (ಮುಳ್ಳು ಏರಿಳಿಯುವ ಪ್ಲಾಸ್ಟಿಕ್ ಹೈಡ್ರೋಮೀಟರ್), ಉಷ್ಣಾಂಶ 26 ಡಿಗ್ರಿ, ಕೆಎಚ್ (ಕ್ಷಾರೀಯತೆ) 10.4, ನೈಟ್ರೇಟ್ 0, ಫಾಸ್ಫೇಟ್ 0. ನೀರು ಅಡುಗೆಮನೆಯ ಆರ್‌ಒ ಯಂತ್ರದ್ದು, ಟಿಡಿಎಸ್ (ನೀರಿನಲ್ಲಿ ಕರಗಿದ ಘನವಸ್ತು) 18.

ಮರಳು ಮತ್ತು ಕಲ್ಲಿನ ಮೇಲೆ ಸಿಂಬಳದಂಥ ಕಂದು ಎಳೆಗಳು, ತುದಿಯಲ್ಲಿ ಗಾಳಿಗುಳ್ಳೆ. ಮಧ್ಯಾಹ್ನ ದಟ್ಟವಾಗಿರುತ್ತದೆ, ಬೆಳಿಗ್ಗೆ ದೀಪ ಹತ್ತುವ ಮೊದಲು ನೋಡಿದರೆ ಬಹುಪಾಲು ಮಾಯ. ಝೊವಾಂತಿಡ್ ಮುಚ್ಚಿಕೊಂಡಿವೆ, ಬಸವನಹುಳುಗಳು ಮಗುಚಿ ಬಿದ್ದು ಸಾಯುತ್ತಿವೆ. ಫಾಸ್ಫೇಟ್ ಹೀರುವ ಕಬ್ಬಿಣದ ಹರಳಿನ ಚೀಲ ಮೊದಲಿನಿಂದಲೂ ಇದೆ. ವಾರಕ್ಕೆ ಶೇ. 20ರಷ್ಟು ನೀರು ಬದಲಿಸಿದರೆ ಲೋಳೆ ಇನ್ನೂ ಹೆಚ್ಚುತ್ತಿದೆ. ಪಾಚಿ ಕೊಲ್ಲುವ ಔಷಧ ಹಾಕಲೇ, ಅರ್ಧ ನೀರು ಬದಲಿಸಲೇ, ಮೂರು ದಿನ ಕತ್ತಲೆ ಮಾಡಲೇ? ಯುವಿ (ಅತಿನೇರಳೆ) ದೀಪ ಇಲ್ಲ. ಬೇಕೇಬೇಕು ಎಂದರೆ ಮಾತ್ರ ತೆಗೆದುಕೊಳ್ಳುವೆ.

ಸೊನ್ನೆಟಿಡಿಎಸ್

ಸದ್ಯಕ್ಕೆ ಮೂರನ್ನೂ ಮಾಡಬೇಡಿ. ಲಕ್ಷಣ ನೋಡಿದರೆ ಡೈನೊಫ್ಲಾಜೆಲೇಟ್ (ಚಿಕ್ಕದಾಗಿ ಡೈನೊ, ಒಂದೇ ಕೋಶದ ಸೂಕ್ಷ್ಮಜೀವಿ) ಅನಿಸುತ್ತದೆ, ಆದರೆ ಖಚಿತಪಡಿಸಿಕೊಳ್ಳದೆ ಒಂದು ಹನಿಯನ್ನೂ ಹಾಕಬಾರದು. ಹೊಸ ತೊಟ್ಟಿಯಲ್ಲಿ ಬರುವ ಡಯಾಟಮ್ ಎಂಬ ಸೂಕ್ಷ್ಮ ಪಾಚಿ ಸಹ ಕಂದು, ಆದರೆ ಅದು ಧೂಳಿನಂತೆ ಹರಡುತ್ತದೆ, ಎಳೆ ಕಟ್ಟುವುದಿಲ್ಲ. ಸಯಾನೊ ಬ್ಯಾಕ್ಟೀರಿಯಾ ಕೆಂಪು-ನೇರಳೆ ಪದರ, ಉಗುರಿನಲ್ಲಿ ಎಬ್ಬಿಸಿದರೆ ಹಾಳೆಯಾಗಿ ಏಳುತ್ತದೆ.

ಪರೀಕ್ಷೆಗೆ ಖರ್ಚಿಲ್ಲ. ಮಧ್ಯಾಹ್ನ ಲೋಳೆಯನ್ನು ತೊಟ್ಟಿಯ ನೀರಿನ ಸಮೇತ ಚಿಕ್ಕ ಬಾಟಲಿಗೆ ಹೀರಿ, ಎಳೆಗಳು ಪೂರ್ತಿ ಒಡೆಯುವಷ್ಟು ಜೋರಾಗಿ ಕುಲುಕಿ, ಕಾಫಿ ಫಿಲ್ಟರ್ ಕಾಗದದಲ್ಲಿ ಸೋಸಿ. ಸೋಸಿದ ನೀರನ್ನು ಪಾರದರ್ಶಕ ಲೋಟದಲ್ಲಿ ಬೆಳಕಿನಡಿ ಇಡಿ. ಒಂದು ಗಂಟೆಯೊಳಗೆ ಮತ್ತೆ ಎಳೆ ಕಟ್ಟಿದರೆ ಡೈನೊ. ಯಾವ ಜಾತಿ ಎಂದು ತಿಳಿಯಲು ಸೂಕ್ಷ್ಮದರ್ಶಕ ಬೇಕು. ಮಕ್ಕಳ ಆಟಿಕೆಯದ್ದಾದರೂ 400 ಪಟ್ಟು ತೋರಿಸಿದರೆ ಸಾಕು. ಬೀಜದಾಕಾರದ ಕೋಶ ಒಂದೇ ಜಾಗಕ್ಕೆ ಕಟ್ಟಿಹಾಕಿದಂತೆ ಗಿರ್ರನೆ ಸುತ್ತುತ್ತಿದ್ದರೆ ಆಸ್ಟ್ರಿಯಾಪ್ಸಿಸ್. ಮೊಟ್ಟೆಯಾಕಾರ, ಒಂದು ತುದಿಯಲ್ಲಿ ಚಿಕ್ಕ ಕೊಕ್ಕು, ಮರಳಿನ ಮೇಲೆ ಜಾರುತ್ತ ಓಡಾಡಿದರೆ ಆಂಫಿಡಿನಿಯಮ್. ಎರಡಕ್ಕೂ ಚಿಕಿತ್ಸೆ ಬೇರೆ, ಹಾಗಾಗಿ ಈ ಹೆಜ್ಜೆ ಬಿಡಬೇಡಿ.

ಆ ಹೈಡ್ರೋಮೀಟರನ್ನು ನಂಬಬೇಡಿ. ಮುಳ್ಳಿಗೆ ಉಪ್ಪು ಕಟ್ಟಿದರೆ ಭಾರವಾಗಿ ಕಡಿಮೆ ತೋರಿಸುತ್ತದೆ, ಗುಳ್ಳೆ ಅಂಟಿದರೆ ಮೇಲೆದ್ದು ಹೆಚ್ಚು ತೋರಿಸುತ್ತದೆ. ರಿಫ್ರಾಕ್ಟೋಮೀಟರ್ (ಬೆಳಕು ಬಾಗುವುದನ್ನು ನೋಡಿ ಉಪ್ಪು ಅಳೆಯುವ ಉಪಕರಣ) ತನ್ನಿ, ಆದರೆ ಶುದ್ಧ ನೀರಿಗೆ ಸೊನ್ನೆ ತೋರಿಸಿತೆಂದು ಅಲ್ಲಿಗೇ ಬಿಡಬೇಡಿ. ಅಗ್ಗದವು ಸೊನ್ನೆಯಲ್ಲಿ ಸರಿಯಿದ್ದು ಸಮುದ್ರದ ನೀರಿನ ಉಪ್ಪಾದ 35 ಪಿಪಿಟಿಯಲ್ಲಿ (ಸಾವಿರಕ್ಕೆ 35 ಭಾಗ) ತಪ್ಪುವುದು ಸಾಮಾನ್ಯ. 36.5 ಗ್ರಾಂ ಒಣಗಿದ ಶುದ್ಧ ಉಪ್ಪನ್ನು 963.5 ಗ್ರಾಂ ಶುದ್ಧ ನೀರಿನಲ್ಲಿ ಕರಗಿಸಿ. ಆ ದ್ರಾವಣಕ್ಕೆ ಉಪಕರಣ 35 ಪಿಪಿಟಿ ತೋರಿಸಬೇಕು. ತೋರಿಸದಿದ್ದರೆ ತಿರುಪು ತಿರುಗಿಸಿ ಅಲ್ಲಿಗೆ ತನ್ನಿ. ನೀರನ್ನು ತೂಕದಲ್ಲೇ ಅಳೆಯಿರಿ, ಲೋಟದಲ್ಲಲ್ಲ.

ಮರಳುತಳ

ಸೋಸಿದ ನೀರು ಮುಕ್ಕಾಲು ಗಂಟೆಯಲ್ಲಿ ಮತ್ತೆ ಎಳೆ ಕಟ್ಟಿತು. ಸೂಕ್ಷ್ಮದರ್ಶಕದಲ್ಲಿ ಬೀಜದಾಕಾರ, ನಿಂತಲ್ಲೇ ಸುತ್ತುತ್ತವೆ. ಸರಿಹೊಂದಿಸಿದ ರಿಫ್ರಾಕ್ಟೋಮೀಟರಿನಲ್ಲಿ ಉಪ್ಪು 39 ಪಿಪಿಟಿ! ಒಂದೇ ಸಲಕ್ಕೆ ಇಳಿಸಬಹುದೇ?

ಸೊನ್ನೆಟಿಡಿಎಸ್

ಬೇಡ, ದಿನಕ್ಕೆ 1 ಪಿಪಿಟಿಯಂತೆ ಇಳಿಸಿ. 110 ಲೀಟರಿನಲ್ಲಿ 39ರಿಂದ 35ಕ್ಕೆ ಬರಲು ಒಟ್ಟು 11-12 ಲೀಟರ್ ತೊಟ್ಟಿನೀರು ತೆಗೆದು ಅಷ್ಟೇ ಶುದ್ಧ ನೀರು ಹಾಕಬೇಕು. ನಾಲ್ಕು ದಿನ, ದಿನಕ್ಕೆ ಸುಮಾರು 3 ಲೀಟರ್. ವೇವ್‌ಮೇಕರ್ ಎದುರು ನಿಧಾನವಾಗಿ ಸುರಿಯಿರಿ. ತೆಗೆಯುವಾಗ ಲೋಳೆಯನ್ನೇ ಹೀರಿ ತೆಗೆದರೆ ಒಂದೇ ಕೆಲಸದಲ್ಲಿ ಎರಡು ಲಾಭ. ಕೆಎಚ್ ಕೂಡ ಅದೇ ಅನುಪಾತದಲ್ಲಿ 9.3ರ ಆಸುಪಾಸಿಗೆ ಇಳಿಯುತ್ತದೆ. ಅದು ಒಳ್ಳೆಯ ಮಟ್ಟ, ಏನೂ ಬೆರೆಸಬೇಡಿ.

ಮುಂದೆ ಏರದಂತೆ ಗಾಜಿನ ಹೊರಗೆ ಟೇಪಿನಿಂದ ನೀರಿನ ಮಟ್ಟ ಗುರುತಿಸಿ, ಆವಿಯಾದಷ್ಟನ್ನು ದಿನವೂ ಸಿಹಿನೀರಿನಿಂದ ತುಂಬಿ. ಆವಿಯಾಗುವುದು ನೀರು ಮಾತ್ರ, ಉಪ್ಪು ಅಲ್ಲೇ ಉಳಿಯುತ್ತದೆ. ಕಡಿಮೆಯಾದದ್ದನ್ನು ಉಪ್ಪುನೀರಿನಿಂದ ತುಂಬಿದರೆ 39 ಏನು, 42ಕ್ಕೂ ಹೋಗುತ್ತದೆ.

ಇನ್ನು ಆ ಟಿಡಿಎಸ್ 18. ಅಡುಗೆಮನೆಯ ಯಂತ್ರಗಳಲ್ಲಿ ರುಚಿಗಾಗಿ ಖನಿಜ ಸೇರಿಸುವ ಕೊಳವೆಯೋ, ಕಚ್ಚಾ ನೀರು ಬೆರೆಸುವ ತಿರುಪೋ ಇರುತ್ತದೆ. ಮೆಂಬ್ರೇನಿನಿಂದ ನೀರು ಹೊರಬರುವಲ್ಲೇ ಒಂದು ಟಿ-ಜೋಡಣೆ ಹಾಕಿ, ಅಲ್ಲಿಂದ ಡಿಐ ರೆಸಿನ್ (ಉಳಿದ ಲವಣಗಳನ್ನು ಹೀರುವ ಹರಳು) ತುಂಬಿದ ಕೊಳವೆಗೆ ಹಾಯಿಸಿ. ಹೊಸ ಯಂತ್ರ ಕೊಳ್ಳಬೇಕಾಗಿಲ್ಲ. ರೆಸಿನ್ ದಣಿಯುವಾಗ ಸಿಲಿಕೇಟನ್ನು ಮೊದಲು ಬಿಟ್ಟುಕೊಡುತ್ತದೆ, ಟಿಡಿಎಸ್ ಮೀಟರಿಗೆ ಅದು ಕಾಣುವುದಿಲ್ಲ. ಆದ್ದರಿಂದ ಮೀಟರ್ 1 ತೋರಿಸಿದ ಕೂಡಲೇ ಬದಲಿಸಿ.

ಹವಳದಿಬ್ಬ

ಶೀರ್ಷಿಕೆಯ ಪ್ರಶ್ನೆಗೆ ಉತ್ತರ: ತೆಗೆಯುವುದಲ್ಲ, ಹಾಕಬೇಕು. ಡ್ರೈ ರಾಕ್ ತೊಟ್ಟಿಯಲ್ಲಿ ಜಾಗ ಹಿಡಿದಿರಲು ಬೇರೆ ಜೀವಿಗಳೇ ಇಲ್ಲ. ನೈಟ್ರೇಟ್, ಫಾಸ್ಫೇಟ್ ಸೊನ್ನೆಗಿಳಿದಾಗ ಹಸಿರು ಪಾಚಿ, ಬ್ಯಾಕ್ಟೀರಿಯಾಗಳು ಸೊರಗುತ್ತವೆ. ಬ್ಯಾಕ್ಟೀರಿಯಾವನ್ನೂ ಹಿಡಿದು ತಿನ್ನಬಲ್ಲ ಡೈನೊ ಮಾತ್ರ ಬದುಕುತ್ತದೆ. ಆ ಕಬ್ಬಿಣದ ಚೀಲ ಇವತ್ತೇ ಹೊರಗೆ. ಸ್ಕಿಮ್ಮರಿನ ಬಟ್ಟಲು ತೆಗೆದಿಟ್ಟು ಗಾಳಿಗಾಗಿ ಮಾತ್ರ ಓಡಲಿ. ಉಪ್ಪಿನ ಹೊಂದಾಣಿಕೆ ಬಿಟ್ಟರೆ ನೀರು ಬದಲಾವಣೆ ನಿಲ್ಲಿಸಿ.

ಗುರಿ: ನೈಟ್ರೇಟ್ 5-10, ಫಾಸ್ಫೇಟ್ 0.05-0.1 ಪಿಪಿಎಂ. ಮೀನಿಗೆ ಹೆಚ್ಚು ಆಹಾರ ಹಾಕಿಯೂ ಏರಿಸಬಹುದು, ಆದರೆ ಎರಡು ಮೀನಿನಿಂದ ಅದು ನಿಧಾನ, ಅಂದಾಜೂ ಸಿಗದು. ಪುಡಿ ಅಗ್ಗ, ಲೆಕ್ಕವೂ ಖಚಿತ.

ನೈಟ್ರೇಟಿಗೆ ಸೋಡಿಯಂ ನೈಟ್ರೇಟ್: 69 ಗ್ರಾಂ ಪುಡಿಗೆ ಶುದ್ಧ ನೀರು ಸೇರಿಸಿ ಒಟ್ಟು 1 ಲೀಟರ್ ಮಾಡಿ. ಇದರ 10 ಎಂಎಲ್, 100 ಲೀಟರಿನಲ್ಲಿ 5 ಪಿಪಿಎಂ ಏರಿಸುತ್ತದೆ. ನಿಮಗೆ 11 ಎಂಎಲ್. ಫಾಸ್ಫೇಟಿಗೆ ಟ್ರೈಸೋಡಿಯಂ ಫಾಸ್ಫೇಟ್, 12 ನೀರಿನಣುಗಳಿರುವ ಹರಳು: 4 ಗ್ರಾಂ ಒಂದು ಲೀಟರಿಗೆ, 5 ಎಂಎಲ್ ಹಾಕಿದರೆ 100 ಲೀಟರಿನಲ್ಲಿ 0.05 ಪಿಪಿಎಂ. ನೀರಿನಣು ಇಲ್ಲದ ಬಗೆಯಾದರೆ 1.7 ಗ್ರಾಂ ಸಾಕು, ಡಬ್ಬಿಯ ಮೇಲೆ ಓದಿಕೊಳ್ಳಿ. ಪ್ರಯೋಗಾಲಯ ಅಥವಾ ಆಹಾರ ದರ್ಜೆಯದೇ ಇರಲಿ. ಗೊಬ್ಬರದಂಗಡಿಯ ಮೂಟೆಯಲ್ಲಿ ಅಮೋನಿಯಂ ಬೆರೆತಿರಬಹುದು, ಅದು ಮೀನಿಗೆ ವಿಷ.

ಹಾಕಿದ ಒಂದು ಗಂಟೆಗೆ ಮತ್ತು ಮರುದಿನ ಅದೇ ಹೊತ್ತಿಗೆ ಪರೀಕ್ಷಿಸಿ. ಮೊದಮೊದಲು ಫಾಸ್ಫೇಟ್ ಮರುದಿನಕ್ಕೆ ಮತ್ತೆ ಸೊನ್ನೆ ಬರುತ್ತದೆ, ಡ್ರೈ ರಾಕ್ ಅದನ್ನು ಹೀರುತ್ತದೆ. ಗಾಬರಿಯಾಗಿ ಎರಡರಷ್ಟು ಸುರಿಯಬೇಡಿ, ದಿನವೂ ಅಷ್ಟೇ ಹಾಕುತ್ತಿರಿ.

ಬಸವನಹುಳು

ಯುವಿ ಬಗ್ಗೆ: ನಿಮ್ಮದು ಆಸ್ಟ್ರಿಯಾಪ್ಸಿಸ್ ಆದ್ದರಿಂದ ಕೊಂಡರೆ ಹಣ ದಂಡವಲ್ಲ. ರಾತ್ರಿ ಅದು ಕಲ್ಲು ಬಿಟ್ಟು ನೀರಿಗೆ ಬರುತ್ತದೆ, ಬೆಳಿಗ್ಗೆ ಮಾಯವಾದಂತೆ ಕಾಣುವುದು ಅದಕ್ಕೇ. ಆಗ ದೀಪದೊಳಗೆ ಹಾಯಿಸಿದರೆ ಸಾಯುತ್ತದೆ. ಆಂಫಿಡಿನಿಯಮ್ ಆಗಿದ್ದರೆ ಮರಳು ಬಿಟ್ಟು ಏಳುವುದೇ ಇಲ್ಲ, ಯುವಿ ಕೆಲಸಕ್ಕೆ ಬಾರದು. 10-11 ಲೀಟರಿಗೆ 1 ವಾಟ್ ಲೆಕ್ಕದಲ್ಲಿ ನಿಮಗೆ 9 ಅಥವಾ 11 ವಾಟ್. ಕೊಳಗಳಿಗೆ ಮಾರುವ ಸಾದಾ ಯುವಿ ಸಾಕು, ಒಳಗೆ ನೀರು ತಾಗುವಲ್ಲಿ ಲೋಹದ ತಿರುಪು ಇರಬಾರದು ಅಷ್ಟೆ. ಪಂಪ್ ಗಂಟೆಗೆ 200-300 ಲೀಟರಿನದು. ವೇಗ ಹೆಚ್ಚಾದರೆ ಕೋಶಕ್ಕೆ ಸಾಕಷ್ಟು ಕಿರಣ ತಾಗುವುದಿಲ್ಲ. ಉರಿಯುವ ದೀಪವನ್ನು ಬರಿಗಣ್ಣಿನಲ್ಲಿ ನೋಡಬೇಡಿ. ತಂತಿ ತೊಟ್ಟಿಗಿಂತ ಕೆಳಗೆ ಬಳುಕಿ ಆಮೇಲೆ ಪ್ಲಗ್ಗಿಗೆ ಏರಲಿ, ಹನಿ ಅಲ್ಲೇ ಬೀಳುತ್ತದೆ. 30 ಮಿಲಿಆಂಪಿಯರ್ ಸೋರಿಕೆ ತಡೆ ಸ್ವಿಚ್ ಇಲ್ಲದೆ ಉಪ್ಪುನೀರಿನ ಹತ್ತಿರ ಯಾವ ಉಪಕರಣವನ್ನೂ ಇಡಬೇಡಿ.

ಯುವಿ ಬಂದ ದಿನವೇ ಮೂರು ದಿನದ ಕತ್ತಲೆ ಶುರುಮಾಡಿ. ಬರೀ ಕತ್ತಲೆಯಿಂದ ವಾರದಲ್ಲಿ ಲೋಳೆ ಮರಳಿ ಬರುತ್ತದೆ. ಆಮೇಲೆ ದೀಪ 6 ಗಂಟೆ, ಬಿಳಿ ಆದಷ್ಟು ಕಡಿಮೆ.

ಬಸವನಹುಳು ಸಾಯುವುದು ಈ ಡೈನೊದ ವಿಷದಿಂದ. ಸತ್ತವನ್ನು ಆಗಲೇ ತೆಗೆಯಿರಿ, ಆಕ್ಟಿವೇಟೆಡ್ ಕಾರ್ಬನ್ ಇಟ್ಟು ವಾರಕ್ಕೊಮ್ಮೆ ಬದಲಿಸಿ. ಕೈಗವಸು ಹಾಕಿ. ಕೊಳವೆಯನ್ನು ಬಾಯಿಂದ ಹೀರಿ ಸೈಫನ್ ಮಾಡಲೇಬೇಡಿ. ಝೊವಾಂತಿಡ್ ಅಂಟಿದ ಕಲ್ಲನ್ನು ಕುದಿಸುವುದು, ಬಿಸಿನೀರಲ್ಲಿ ತಿಕ್ಕುವುದು ಇನ್ನೂ ಅಪಾಯ: ಹಬೆಯಲ್ಲಿ ಪಾಲಿಟಾಕ್ಸಿನ್ ಎಂಬ ಝೊವಾಂತಿಡ್ ವಿಷ ಬಂದು ಉಸಿರಾಟಕ್ಕೆ ಸೇರುತ್ತದೆ.

ಅಲೆಯಂಚು

ಯುವಿ ಯಾಕೆ, ಶೇ. 3ರ ಹೈಡ್ರೋಜನ್ ಪೆರಾಕ್ಸೈಡ್ ದಿನಕ್ಕೆ 40 ಲೀಟರಿಗೆ 1 ಎಂಎಲ್ ಹಾಕಿದರೆ ಆಯಿತಲ್ಲ?

ಹವಳದಿಬ್ಬ

ಕೆಲವು ತೊಟ್ಟಿಗಳಲ್ಲಿ ಇಳಿಯುತ್ತದೆ, ನಿಲ್ಲಿಸಿದರೆ ಮರಳುತ್ತದೆ. ಕೆಲವು ಸೀಗಡಿಗಳು ಸಹಿಸುವುದಿಲ್ಲ. ಮೇಲಾಗಿ ನಾವು ಬೆಳೆಸಬೇಕೆಂದಿರುವ ಬ್ಯಾಕ್ಟೀರಿಯಾಕ್ಕೂ ಅದು ಪೆಟ್ಟು. ಯುವಿ ಬರುವವರೆಗೆ ಹಣವಿಲ್ಲದ ದಾರಿ ಬೇರೆ ಇದೆ: ಮಧ್ಯಾಹ್ನ ಲೋಳೆ ದಟ್ಟವಾದಾಗ 6 ಮಿ.ಮೀ. ಕೊಳವೆಯಿಂದ 10 ಮೈಕ್ರಾನ್ ಬಟ್ಟೆಚೀಲಕ್ಕೆ ಹೀರಿ, ಸೋಸಿದ ನೀರನ್ನು ವಾಪಸ್ ಹಾಕಿ. ಪಂಪಿನ ಬಾಯಿಗೆ ಸಂಜೆ ಹತ್ತಿಯಂಥ ಸೋಸುವ ಫ್ಲಾಸ್ ಕಟ್ಟಿ, ಬೆಳಿಗ್ಗೆ ದೀಪ ಹತ್ತುವ ಮೊದಲು ಎಸೆಯಿರಿ. ಬೇಸರದ ಕೆಲಸ, ಆದರೆ ಫಲವಿದೆ.

ಜೊತೆಗೆ ಬಹುಕಾಲದಿಂದ ಚೆನ್ನಾಗಿರುವ, ತಾಮ್ರದ ಔಷಧ ಕಾಣದ ತೊಟ್ಟಿಯಿಂದ ಒಂದು ಬೊಗಸೆ ಮರಳು ಮತ್ತು ಅಂಗೈಯಗಲದ ಒಂದು ಕಲ್ಲು ತಂದು ಹಾಕಿ. ಹಾಕುವ ಮುನ್ನ ಐಪ್ಟೇಸಿಯಾ (ಕಳೆಯಂತೆ ಹಬ್ಬುವ ಪುಟ್ಟ ಸೀ ಅನಿಮೊನಿ) ಇದೆಯೇ ನೋಡಿ, ಒಂದು ಒಳಗೆ ಬಂದರೂ ಕಲ್ಲೆಲ್ಲ ತುಂಬುತ್ತದೆ.

ಮರಳುತಳ

ಉಪ್ಪು 35ಕ್ಕೆ ಬಂತು, ನೈಟ್ರೇಟ್ 6, ಫಾಸ್ಫೇಟ್ 0.07. 11 ವಾಟ್ ಯುವಿ ಓಡುತ್ತಿದೆ. ಎಳೆಗಳು ಹೋದವು, ಝೊವಾಂತಿಡ್ ಅರ್ಧ ಬಿಚ್ಚಿವೆ. ಈಗ ಗಾಜಿನ ಮೇಲೆ ಹಸಿರು, ಮರಳಿನ ಒಂದು ಮೂಲೆಯಲ್ಲಿ ಕೆಂಪು ಪದರ. ಫಾಸ್ಫೇಟ್ ಚೀಲ ಮತ್ತೆ ಹಾಕಲೇ?

ಹವಳದಿಬ್ಬ

ಹಾಕಬೇಡಿ! ಹಸಿರು ಬಂದದ್ದು ನಮಗೆ ಬೇಕಾದದ್ದೇ, ಗಾಜನ್ನು ಮಾತ್ರ ಕೆರೆದುಕೊಳ್ಳಿ. ಕೆಂಪು ಸಯಾನೊವನ್ನು ಹೀರಿ ತೆಗೆದು, ಒಂದು ವೇವ್‌ಮೇಕರನ್ನು ಆ ಮೂಲೆಗೆ ತಿರುಗಿಸಿ. ಯುವಿಯನ್ನು ಇನ್ನೂ ಒಂದು ತಿಂಗಳು ನಿಲ್ಲಿಸಬೇಡಿ. ನೈಟ್ರೇಟ್ ತಾನಾಗಿ 10 ದಾಟತೊಡಗಿದರೆ ಮೊದಲು ಪುಡಿ ನಿಲ್ಲಿಸಿ, ಆಮೇಲೂ ಏರಿದರೆ ಸ್ಕಿಮ್ಮರಿಗೆ ಬಟ್ಟಲು ಕೂರಿಸಿ, ಶೇ. 10ರ ನೀರು ಬದಲಾವಣೆ ಶುರುಮಾಡಿ. ಹೊಸ ಬಸವನಹುಳು ಅಲ್ಲಿಯವರೆಗೆ ತರಬೇಡಿ. ತರುವಾಗಲೂ ಮೊದಲು ಎರಡೇ ಬಿಟ್ಟು, ವಾರ ಕಳೆದ ಮೇಲೂ ಗಾಜು ಹತ್ತುತ್ತಿವೆಯೇ ನೋಡಿ.