ಸಹಾಯ ಬೇಕು: ಡ್ರೈಯರ್ ತಿರುಗತೈತಿ, ಬಿಸಿ ಆಗವಲ್ದು (ಬೆಳಗಾವಿ)

ನಮಸ್ಕಾರ್ರಿ. ಟಿಳಕವಾಡಿಯಾಗ ಮನಿ. ಪೈಪಿನಿಂದ ಗಾಳಿ ಹೊರಗ ಬಿಡೂ ನಮೂನಿ ಬಟ್ಟಿ ಡ್ರೈಯರ್, 230 ವೋಲ್ಟ್, ಹೀಟರ್ 2000 ವ್ಯಾಟ್. ಡ್ರಮ್ ತಿರುಗತೈತಿ, ಗಾಳಿನೂ ಬರತೈತಿ, ಆದ್ರ ತಣ್ಣಗ.

ಪ್ಲಗ್ ಕಿತ್ತು ಮಲ್ಟಿಮೀಟರ್ ಹಚ್ಚಿ ನೋಡೀವಿ. ಹೀಟರ್ ಕಾಯಿಲ್ 26 ಓಮ್ ತೋರಸತೈತಿ. 2000 ವ್ಯಾಟಿಗೆ ಅಷ್ಟ ಬರಬೇಕು, ಅಂದ್ರ ಕಾಯಿಲ್ ಸರಿ ಐತಿ. ಕಾಯಿಲ್ ಡ್ರೈಯರಿನ ಲೋಹದ ಮೈಗೆ ಶಾರ್ಟ್ ಆಗಿಲ್ಲ. ಹೀಟರ್ ಬಾಜೂದ ಥರ್ಮಲ್ ಫ್ಯೂಸ್ (ಬಿಸಿ ಮಿತಿ ಮೀರಿದ್ರ ಕರೆಂಟ್ ಕಡಿಯೂ ಫ್ಯೂಸ್) ಮಾತ್ರ ಹೋಗೇತಿ. ಅದು ಸುಮ್ನ ಹೋಗೂದಲ್ಲ. ಹಿಂದಿನ ಪೈಪು ಗ್ವಾಡಿಗೆ ಒತ್ತಿ ಮಡಚಿತ್ತು, ಮಡಚಿದ ಜಾಗಾದಾಗ ಬೂದಿಬಣ್ಣದ ಅರಬಿ ನೂಲು ಹಸಿಯಾಗಿ ಗಟ್ಟಿ ಅಂಟಿತ್ತು. ಬಿಸಿಗಾಳಿ ಹೊರಗ ಹೋಗಲಾರದ ಒಳಗ ಉಳದು ಫ್ಯೂಸ್ ಸುಟ್ಟೈತಿ. ಪೈಪು, ಜಾಳಿಗಿ ಎರಡೂ ಸ್ವಚ್ಛ ಆಗ್ಯಾವ.

ತೊಡಕು ಏನಂದ್ರ, ಎಷ್ಟು ಬಿಸಿಗೆ ಕಡೀತೈತಿ ಅಂತ ಫ್ಯೂಸ್ ಮ್ಯಾಲೆ ಬರದಿದ್ದ ಡಿಗ್ರಿ ಅಂಕಿ ಅಳಿಸೈತಿ. ಕರೆಂಟ್ ಸುಮಾರು 9 ಆಂಪಿಯರ್ ಎಳೀತೈತಿ, ಅದಕ್ಕ 16 ಆಂಪಿಯರಿಂದು ನಡೀತೈತಿ. ಡಿಗ್ರಿ ಮಾತ್ರ ಅಂದಾಜಿನ ಮ್ಯಾಲೆ ಹಾಕಾಕ ಬರೂದಿಲ್ಲ. ಫ್ಯೂಸ್ ತಗದು ವೈರ್ ನೇರ ಜೋಡಸ್ರಿ ಅಂತ ದಯವಿಟ್ಟು ಹೇಳಬ್ಯಾಡ್ರಿ, ಬೆಂಕಿ ಹತ್ತತೈತಿ.

ಮಾಡೆಲ್ ಪ್ಲೇಟಿನ ಫೋಟೋ ಹಾಕೀನಿ. ಇದರ ಸರಿಯಾದ ಫ್ಯೂಸ್ ಬೆಳಗಾವಿ ಇಲ್ಲಾ ಹುಬ್ಬಳ್ಳಿಯಾಗ ಎಲ್ಲಿ ಸಿಗತೈತ್ರಿ? ಥರ್ಮೋಸ್ಟಾಟ್ (ಬಿಸಿ ನೋಡಿ ಹೀಟರ್ ಚಾಲೂ-ಬಂದ್ ಮಾಡೂ ಸ್ವಿಚ್) ತಣ್ಣಗಿದ್ದಾಗ ಕನೆಕ್ಷನ್ ತೋರಸತೈತಿ, ಬಿಸಿ ಆದ್ಮ್ಯಾಲೆ ಬಿಡತೈತೋ ಇಲ್ಲೋ ಖಾತ್ರಿ ಇಲ್ಲ. ಎರಡೂ ಕೂಡೇ ಬದಲಿಸೂದು ಚಲೋ ಏನ್ರಿ? ರಿಪೇರಿ ಮಾಡಿದವರು ತಿಳಿಸ್ರಿ, ಮಳಿ ಹಿಡದೈತಿ, ಅರಬಿ ಒಣಗವಲ್ವು.