ಪುಲಕೇಶಿ: ಹುಲಿಯೋ, ಪುಲಕವೋ, ಹೊಳಪೋ?

ಹೋದ ತಿಂಗಳು ಬಾದಾಮಿಯ ನಮ್ಮ ಮನೆಯಲ್ಲಿ ತಂಗಿಯ ಮಗನನ್ನು ತೊಟ್ಟಿಲಿಗೆ ಹಾಕಿದೆವು. ಸೋದರತ್ತೆ ಕೂಸಿನ ಕಿವಿಯಲ್ಲಿ ಕುರ್ ಎಂದು ಊದಿ ‘ಪುಲಕೇಶಿ’ ಎಂದಾಗ, ಕೂತಿದ್ದ ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಪಾಠದಲ್ಲಿ ಓದಿದ ಹೆಸರು, ತೊಟ್ಟಿಲಲ್ಲಿ ಕೇಳಿದ್ದಲ್ಲ. ಅಜ್ಜಿ ಮಾತ್ರ ಹಿಗ್ಗಿ, “ಹುಲಗಪ್ಪನೇ? ಹುಲಿಗೆಮ್ಮನ ಹೆಸರು, ಚಲೋ ಆಯಿತು” ಎನ್ನುತ್ತ ಗುಗ್ಗರಿ ಹಂಚತೊಡಗಿದಳು.

ಕಿವಿ ಮಂದವೆಂದು ನಕ್ಕೆವು. ಆದರೆ ಅಜ್ಜಿಯ ತಪ್ಪಿನಲ್ಲಿ ಹಳಗನ್ನಡದ ಪಕಾರ ಹಕಾರವಾಗುವ ನಿಯಮವೇ ಇದೆ. ಪಾಲು ಹಾಲಾಯಿತು, ಪೂ ಹೂವಾಯಿತು, ಇಂದಿನ ಲಕ್ಷ್ಮೇಶ್ವರ ಆಗ ಪುಲಿಗೆರೆಯಾಗಿದ್ದು ಮುಂದೆ ಹುಲಿಗೆರೆಯಾಯಿತು. ಈ ಹೆಸರಿನ ಮೊದಲ ಭಾಗ ಪುಲಿಯೇ ಆಗಿದ್ದು, ಜನರ ಬಾಯಲ್ಲಿ ಬಾಳಿ ಬಂದಿದ್ದರೆ ಇಂದು ಹುಲಿಕೇಶಿ ಆಗಿರಬೇಕಿತ್ತು. ಪಕಾರ ಹಾಗೇ ನಿಂತಿರುವುದನ್ನು ನೋಡಿದರೆ, ಹೆಸರು ಶಾಸನದಿಂದ ಪುಸ್ತಕಕ್ಕೆ, ಪುಸ್ತಕದಿಂದ ನಮ್ಮ ತೊಟ್ಟಿಲಿಗೆ ನೇರವಾಗಿ ಇಳಿದಂತಿದೆ.

ಈಗ ತೊಡಕು ಅರ್ಥದ್ದು. ಪುಲಿ ಮತ್ತು ಕೇಶಿ ಸೇರಿ ‘ಹುಲಿಗೂದಲವನು’ ಎಂದು ಶಾಸನತಜ್ಞ ಫ್ಲೀಟ್ ಬಿಡಿಸಿದರು. ಕನ್ನಡಕ್ಕೆ ಸಂಸ್ಕೃತದ ಬಾಲ. ನಮ್ಮ ವೈಯಾಕರಣರು ಮೂಗು ಮುರಿಯುವ ಅರಿಸಮಾಸ. ಇಡೀ ಹೆಸರನ್ನು ಸಂಸ್ಕೃತಕ್ಕೇ ಸೇರಿಸಿ, ಪುಲಕಿತ ಕೇಶದವನು, ಅಂದರೆ ಕೂದಲು ನಿಮಿರಿದವನು ಎಂದೂ ಬಿಡಿಸಬಹುದು. ಇದು ನನಗೆ ಒಗ್ಗುವುದಿಲ್ಲ. ಪುಲಕ ಏಳುವುದು ಮೈಮೇಲಿನ ರೋಮಕ್ಕೆ, ತಲೆಯ ಕೇಶಕ್ಕಲ್ಲ.

ಹುಲಿಯೂ ಅಷ್ಟು ಸುಲಭಕ್ಕೆ ಸಿಗುವುದಿಲ್ಲ. ಶಾಸನಗಳಲ್ಲಿ ಪುಲಿಕೇಶಿ ಇದೆ, ಪೊಲೆಕೇಶಿಯೂ ಇದೆ. ಐಹೊಳೆಯ ಮೇಗುತಿ ಗುಡಿಯ ಗೋಡೆಯಲ್ಲಿ, ಶಕ 556ರಲ್ಲಿ, ಅಂದರೆ ಕ್ರಿ.ಶ. 634ರಲ್ಲಿ, ರವಿಕೀರ್ತಿ ಮೊದಲನೆಯ ಪುಲಕೇಶಿಯನ್ನು ಹೇಳುವುದು ಹೀಗೆ: “ಪೊಲೆಕೇಶೀ ಯಃ ಶ್ರಿತೇಂದುಕಾಂತಿರಪಿ”. ಚಂದ್ರನ ಕಾಂತಿ ಪಡೆದವನು, ಲಕ್ಷ್ಮಿಯ ನಲ್ಲ, ಆದರೂ ವಾತಾಪಿಯೆಂಬ (ನಮ್ಮ ಬಾದಾಮಿಯೇ) ವಧುವಿಗೆ ವರನಾದ ಎಂದು ಪದ್ಯ ಮುಂದುವರಿಯುತ್ತದೆ. ಎರಡನೆಯ ಪುಲಕೇಶಿಯ ಕಾಲಕ್ಕೆ ಬಂದ ಚೀನೀ ಯಾತ್ರಿಕ ಹ್ಯೂಯೆನ್‌ತ್ಸಾಂಗನ ಬರಹದಲ್ಲಿ ಅರಸನ ಹೆಸರು ಪು-ಲೊ-ಕಿ-ಶೆ. ಹುಲಿಗೆ ಬೇಕಾದ ‘ಲಿ’ ಅಲ್ಲೂ ಇಲ್ಲ.

ನನ್ನ ಊಹೆಯೊಂದಿದೆ, ಬೈಯುವವರು ಬೈಯಿರಿ. ಸಂಸ್ಕೃತದಲ್ಲಿ ಬರೆಯುವಾಗ ಕನ್ನಡದ ಳಕಾರ ಲಕಾರವಾಗುವುದು ಹೊಸತಲ್ಲ. ಆ ‘ಪೊಲೆ’ ನಮ್ಮ ‘ಪೊಳೆ’, ಈಗಿನ ‘ಹೊಳೆ’ ಎಂಬ ಕ್ರಿಯಾಪದವಾಗಿದ್ದರೆ? ಹೊಳೆವ ಕೂದಲವನು, ಪಕ್ಕದಲ್ಲೇ ಚಂದ್ರಕಾಂತಿ. ಅರಸನನ್ನು ಹೊಗಳುವ ಇದೇ ಶಾಸನದಲ್ಲಿ ಹರ್ಷವರ್ಧನನನ್ನು ಭಯದಿಂದ ‘ಹರ್ಷ’ ಕಳೆದುಕೊಂಡವನು ಎಂದು ಹೆಸರಿನ ಮೇಲೆಯೇ ಆಡಿದ ಕವಿ ರವಿಕೀರ್ತಿ. ಚಂದ್ರನನ್ನು ಆ ಹೆಸರಿನ ಬದಿಗೆ ಸುಮ್ಮನೆ ತಂದು ಕೂರಿಸಿದನೇ? ಆದರೆ ಪುಲಿಕೇಶಿ ಎಂಬ ಬರಹಕ್ಕೆ ಈ ಬಿಡಿಸುವಿಕೆ ಉತ್ತರ ಕೊಡುವುದಿಲ್ಲ ಎಂಬುದೂ ಗೊತ್ತು.

ಇಷ್ಟೆಲ್ಲ ಕೆದಕಲು ಕಾರಣ ಬೇರೆಯೇ. ಜನನ ಪ್ರಮಾಣಪತ್ರದಲ್ಲಿ ‘ಪುಲಿಕೇಶಿ’ ಎಂದು ಅಚ್ಚಾಗಿ ಬಂದಿದೆ. ಒಂದು ಗುಡಿಸು ಹೆಚ್ಚಾಯಿತು, ತಿದ್ದಿಸು ಎಂದು ತಂಗಿ ಹಟ ಹಿಡಿದಿದ್ದಾಳೆ. ಶಾಸನದಲ್ಲೇ ಇರುವ ರೂಪ, ಇರಲಿ ಬಿಡು ಎಂದರೆ ಕೇಳುತ್ತಿಲ್ಲ. ಅರ್ಜಿ ಬರೆಯಬೇಕಾದವನು ಸೋದರಮಾವನಾದ ನಾನು. ಹುಲಿಕೇಶಿ ಎಂಬ ರೂಪವನ್ನು ನಿಮ್ಮ ಕಡೆ ಯಾರ ಬಾಯಲ್ಲಾದರೂ ಕೇಳಿದ್ದೀರಾ? ಲಕಾರ-ಳಕಾರದ ಲೆಕ್ಕ ಬಲ್ಲವರು ‘ಪೊಳೆ’ಯನ್ನು ಒಪ್ಪುತ್ತೀರಾ?