ಕತ್ತಲಾದ ಮೇಲೆ ವಾಲೈ ಮೀನು ಗಾಳದ ಹತ್ತಿರ ಬಂದು ಹಿಂದಿರುಗುತ್ತಿದೆ: ಮಿಲ್ ಲ್ಯಾಕ್ಸ್ ಸರೋವರದಲ್ಲಿ ನಾನು ಎಲ್ಲಿ ತಪ್ಪುತ್ತಿದ್ದೇನೆ?

ಪ್ರಶ್ನೆ

ಎಲ್ಲರಿಗೂ ನಮಸ್ಕಾರ. ನಾನು ಅಮೆರಿಕದ ಮಿನ್ನೆಸೋಟಾ ರಾಜ್ಯದ ಮಿನಿಯಾಪೊಲಿಸ್‌ನಲ್ಲಿ ನೆಲೆಸಿ ಆರು ವರ್ಷಗಳಾದವು. ಹೆಪ್ಪುಗಟ್ಟಿದ ಸರೋವರದ ಮೇಲೆ ಕುಳಿತು ಗಾಳ ಹಾಕುವುದನ್ನು ಮೂರು ಚಳಿಗಾಲಗಳಿಂದ ಕಲಿಯುತ್ತಿದ್ದೇನೆ. ಮೊದಲ ಎರಡು ವರ್ಷ ಅಪ್ಪರ್ ರೆಡ್ ಲೇಕ್‌ಗೆ ಹೋಗುತ್ತಿದ್ದೆ. ಅಲ್ಲಿ ಹತ್ತು ಅಡಿ ನೀರಿನಲ್ಲಿ ಹಗಲು ಹೊತ್ತಿನಲ್ಲಿಯೇ ವಾಲೈ ಸಿಗುತ್ತಿತ್ತು. ಈ ವರ್ಷ ಮನೆಗೆ ಹತ್ತಿರವಾಗುತ್ತದೆ ಎಂದು ಮಿಲ್ ಲ್ಯಾಕ್ಸ್ ಆರಿಸಿಕೊಂಡೆ. ಇಲ್ಲಿ ಹಗಲಿನಲ್ಲಿ ಮೀನಿನ ಸುಳಿವೇ ಇರುವುದಿಲ್ಲ. ಸೂರ್ಯ ಮುಳುಗಿ ಅರ್ಧ ಗಂಟೆಯಾದ ಮೇಲೆ, ಸದ್ದಿನ ಅಲೆ ಬಿಟ್ಟು ನೀರೊಳಗಿನ ಮೀನನ್ನು ಬಣ್ಣದ ಗೆರೆಯಾಗಿ ತೋರಿಸುವ ಯಂತ್ರವಾದ ಫ್ಲ್ಯಾಶರ್‌ನ ತಟ್ಟೆಯಲ್ಲಿ ತಳದಿಂದ ಒಂದು ಗೆರೆ ಎದ್ದು, ನನ್ನ ಗಾಳಕ್ಕೆ ಕಟ್ಟಿದ ಲೋಹದ ಹುಸಿ ಎರೆಯಾದ ಸ್ಪೂನ್‌ನ ಗೆರೆಗೆ ಅಂಟಿಕೊಳ್ಳುವಷ್ಟು ಹತ್ತಿರ ಬರುತ್ತದೆ, ನಾಲ್ಕೈದು ಸೆಕೆಂಡು ನಿಲ್ಲುತ್ತದೆ, ಮತ್ತೆ ತಳಕ್ಕೆ ಇಳಿದು ಮಾಯವಾಗುತ್ತದೆ. ಕಳೆದ ಮೂರು ರಾತ್ರಿಗಳಲ್ಲಿ ಇಪ್ಪತ್ತಕ್ಕೂ ಹೆಚ್ಚು ಬಾರಿ ಹೀಗಾಗಿದೆ. ಕಚ್ಚಿದ್ದು ಒಂದೇ ಒಂದು.

ನನ್ನ ಸಲಕರಣೆಯ ವಿವರ ಹೀಗಿದೆ. ಜಲ್ಲಿ ದಿಬ್ಬವೊಂದರ ಅಂಚಿನಲ್ಲಿ 14 ಅಡಿ ನೀರು. ಕಾಲು ಔನ್ಸ್ ತೂಕದ, ಒಳಗೆ ಗುಂಡುಗಳು ಗಲಗಲ ಎನ್ನುವ ಸ್ಪೂನ್. ಅದರ ಕೊಕ್ಕೆಗೆ ಮಿನ್ನೋ ಎಂಬ ಸಣ್ಣ ಮೀನಿನ ತಲೆ ಚುಚ್ಚಿರುತ್ತೇನೆ. ಸ್ಪೂನ್‌ನ ಬಣ್ಣ ಟಾರ್ಚಿನ ಬೆಳಕು ಹೀರಿಕೊಂಡು ಕತ್ತಲಿನಲ್ಲಿ ಹೊಳೆಯುವಂಥದ್ದು. ಸಾಧಾರಣ ಸ್ಪಿನ್ನಿಂಗ್ ರೀಲ್, ಆರು ಪೌಂಡಿನ ತಂಗೂಸಿ. ವಾಲೈ ಋತು ಫೆಬ್ರುವರಿಯ ಕೊನೆಗೆ ಮುಗಿಯುವುದರಿಂದ ನನಗೆ ಉಳಿದಿರುವುದು ಮೂರು ವಾರಾಂತ್ಯಗಳು ಮಾತ್ರ. ದಯವಿಟ್ಟು ದಾರಿ ತೋರಿಸಿ.

ಮೊದಲ ಉತ್ತರ

ನಮಸ್ಕಾರ ಸರ್. ಉತ್ತರ ಹೇಳುವ ಮೊದಲು ನಾಲ್ಕು ವಿಷಯ ತಿಳಿಯಬೇಕು. ಡೇರೆಯೊಳಗೆ ದೀಪವನ್ನು ಎಲ್ಲಿ ತೂಗುಹಾಕಿದ್ದೀರಿ? ಸ್ಪೂನ್‌ನ ಹೊಳಪಿಗೆ ಎಷ್ಟು ಹೊತ್ತಿಗೊಮ್ಮೆ ಟಾರ್ಚ್ ಹಿಡಿಯುತ್ತೀರಿ? ತಂಗೂಸಿಗೂ ಸ್ಪೂನ್‌ಗೂ ನಡುವೆ ಸ್ವಿವೆಲ್ (ದಾರದ ತಿರುಚು ದಾಟದಂತೆ ತಾನೇ ತಿರುಗುವ ಸಣ್ಣ ಕೊಂಡಿ) ಇದೆಯೇ? ಪಕ್ಕದಲ್ಲಿ ಇನ್ನೊಬ್ಬರ ಫ್ಲ್ಯಾಶರ್ ಚಾಲೂ ಇರುತ್ತದೆಯೇ? ಕೊನೆಯದನ್ನು ಏಕೆ ಕೇಳುತ್ತಿದ್ದೇನೆಂದರೆ, ಎರಡು ಯಂತ್ರಗಳ ಸದ್ದು ಒಂದಕ್ಕೊಂದು ಬೆರೆತಾಗ ಇಲ್ಲದ ಮೀನಿನ ಗೆರೆಗಳೂ ತಟ್ಟೆಯಲ್ಲಿ ಮೂಡುತ್ತವೆ.

ಪ್ರಶ್ನೆ ಕೇಳಿದವರು

ದೀಪ ಮಂಜುಗಡ್ಡೆಯಲ್ಲಿ ಕೊರೆದ ರಂಧ್ರದ ನೇರ ಮೇಲೆಯೇ ಇದೆ, ಬಿಳಿ ಎಲ್‌ಇಡಿ. ನಾನು ಹುಟ್ಟಿ ಬೆಳೆದದ್ದು ತೀರ್ಥಹಳ್ಳಿಯ ಕಡೆ. ಮೊದಲ ಮಳೆಗೆ ಹತ್ತುಮೀನು ಗದ್ದೆಗೆ ಏರುವಾಗ ಅಪ್ಪನ ಜೊತೆ ಲಾಟೀನು ಹಿಡಿದು ಹೋಗುತ್ತಿದ್ದೆನಾದ್ದರಿಂದ, ಬೆಳಕಿದ್ದರೆ ಒಳ್ಳೆಯದೇ ಎಂದು ಭಾವಿಸಿದ್ದೆ. ಐದು ನಿಮಿಷಕ್ಕೊಮ್ಮೆ ನೇರಳಾತೀತ ಟಾರ್ಚ್ ಹಿಡಿದು ಸ್ಪೂನ್ ಹೊಳೆಯಿಸುತ್ತೇನೆ. ಸ್ವಿವೆಲ್ ಇಲ್ಲ. ಗೆಳೆಯನ ಫ್ಲ್ಯಾಶರ್ ನಾಲ್ಕು ಅಡಿ ಆಚೆಯ ರಂಧ್ರದಲ್ಲಿ ಇರುತ್ತದೆ. ಅದನ್ನು ಆರಿಸಿ ನೋಡಿದಾಗಲೂ ನನ್ನ ತಟ್ಟೆಯಲ್ಲಿ ಗೆರೆ ಉಳಿದಿತ್ತು. ಮೊದಲು ತೆಳು ಹಸಿರಾಗಿದ್ದು, ಆಮೇಲೆ ದಪ್ಪನೆಯ ಕೆಂಪಿಗೆ ತಿರುಗಿತು.

ಎರಡನೆಯ ಉತ್ತರ

ಹಾಗಿದ್ದರೆ ನೀವು ಕಂಡದ್ದು ನಿಜವಾದ ಮೀನೇ. ನಿಮ್ಮ ಯಂತ್ರದ್ದು ಇಪ್ಪತ್ತು ಡಿಗ್ರಿ ಕೋನದ ಸಂವೇದಕವಾದರೆ 14 ಅಡಿ ಆಳದಲ್ಲಿ ಅದು ನೋಡುವ ವೃತ್ತದ ಅಗಲ ಸುಮಾರು ಐದು ಅಡಿ. ಅಂಚಿನಲ್ಲಿರುವ ಮೀನು ತೆಳು ಹಸಿರಾಗಿಯೂ ನೇರ ಕೆಳಗೆ ಬಂದದ್ದು ಕೆಂಪಾಗಿಯೂ ಕಾಣುತ್ತದೆ. ಆದ್ದರಿಂದ ಜಾಗ ಸರಿಯಾಗಿದೆ, ಸಮಯವೂ ಸರಿಯಾಗಿದೆ. ಮೀನನ್ನು ಕರೆಯುವ ಕೆಲಸ ಆಗುತ್ತಿದೆ. ಹತ್ತಿರ ಬಂದ ಮೇಲೆ ಅದಕ್ಕೆ ಕಾಣುವ ಯಾವುದೋ ಒಂದು ಅದನ್ನು ಹಿಂದಕ್ಕೆ ಕಳುಹಿಸುತ್ತಿದೆ.

ಇದರ ಮೂಲ ನೀವು ಕಲಿತ ಸರೋವರದಲ್ಲಿದೆ ಎಂದು ನನ್ನ ದೃಢವಾದ ಅಭಿಪ್ರಾಯ. ಅಪ್ಪರ್ ರೆಡ್ ಲೇಕ್‌ನ ನೀರು ಸುತ್ತಲಿನ ಜೌಗು ನೆಲದಿಂದ ಬಸಿದು ಬಂದು ಚಹಾದ ಕಷಾಯದಂತೆ ಕಂದಾಗಿರುತ್ತದೆ. ಅಲ್ಲಿ ಹಗಲೇ ಮುಸ್ಸಂಜೆಯಂತಿರುವುದರಿಂದ ವಾಲೈ ಹಗಲಿನಲ್ಲಿ ಬೇಟೆಯಾಡುತ್ತದೆ, ಕತ್ತಲಾದರೆ ಬಹುಮಟ್ಟಿಗೆ ಸುಮ್ಮನಾಗುತ್ತದೆ. ಅಲ್ಲಿ ಜೋರಾದ ಹೊಳಪು ಮತ್ತು ಗಲಗಲ ಶಬ್ದ ಎರಡೂ ಬೇಕು. ಮಿಲ್ ಲ್ಯಾಕ್ಸ್ ಇದಕ್ಕೆ ತದ್ವಿರುದ್ಧವಾದ ಸರೋವರ. 2005ರಲ್ಲಿ ಇಲ್ಲಿ ಪತ್ತೆಯಾದ ಝೀಬ್ರಾ ಮಸಲ್ ಎಂಬ ಕಪ್ಪೆಚಿಪ್ಪು ಆಮೇಲಿನ ವರ್ಷಗಳಲ್ಲಿ ವಿಪರೀತ ಹೆಚ್ಚಿ ನೀರನ್ನು ಸೋಸುತ್ತಿರುವುದರಿಂದ, ಮೊದಲೇ ತಿಳಿಯಾಗುತ್ತಿದ್ದ ನೀರು ಇನ್ನಷ್ಟು ತಿಳಿಯಾಗಿದೆ. ವಾಲೈಯ ಕಣ್ಣಿನ ಹಿಂಭಾಗದಲ್ಲಿ ದನ ಮತ್ತು ಬೆಕ್ಕಿನ ಕಣ್ಣಿನಲ್ಲಿರುವಂತೆಯೇ ಬೆಳಕನ್ನು ಹಿಂದಕ್ಕೆ ಪ್ರತಿಫಲಿಸುವ ಪದರವಿದೆ. ಅದರ ಆಹಾರವಾದ ಹಳದಿ ಪರ್ಚ್ ಮೀನಿಗೆ ಅದಿಲ್ಲ. ಕತ್ತಲಾಗುತ್ತಿದ್ದಂತೆ ಪರ್ಚ್ ಕುರುಡಾದಂತೆ ತಳ ಸೇರಿ ಸುಮ್ಮನಿರುವಾಗ, ವಾಲೈ ಆಳದಿಂದ ದಿಬ್ಬಗಳ ಮೇಲಕ್ಕೆ ಬಂದು ಬೇಟೆಯಾಡುತ್ತದೆ. ಇಂಥ ಕಣ್ಣಿರುವ ಪ್ರಾಣಿಯ ಮುಂದೆ, ಇಂಥ ತಿಳಿನೀರಿನಲ್ಲಿ, ಐದು ನಿಮಿಷಕ್ಕೊಮ್ಮೆ ಹೊಸದಾಗಿ ಹೊಳೆಯಿಸಿದ ಸ್ಪೂನ್ ಹಿಡಿದರೆ ಅದು ಆಹಾರದಂತೆ ಕಾಣುವುದಿಲ್ಲ.

ಆದ್ದರಿಂದ ಮೊದಲು ದೀಪ. ಬೆಳಕು ರಂಧ್ರದೊಳಕ್ಕೆ ಇಳಿಯದಂತೆ ಅದನ್ನು ಡೇರೆಯ ಮೂಲೆಗೆ ಸರಿಸಿ, ಗೋಡೆಯ ಕಡೆಗೆ ತಿರುಗಿಸಿಡಿ. ಬೆಳಕು ತೋರಿಸಿ ಮೀನನ್ನು ಆಕರ್ಷಿಸುವುದಕ್ಕೆ ಮಿನ್ನೆಸೋಟಾದ ಕಾನೂನಿನಲ್ಲಿಯೇ ನಿರ್ಬಂಧವಿರುವುದರಿಂದ, ರಂಧ್ರದ ಮೇಲೆ ದೀಪ ತೂಗುವ ಅಭ್ಯಾಸವನ್ನು ಆ ಕಾರಣಕ್ಕೂ ಬಿಡುವುದು ಒಳ್ಳೆಯದು. ಸ್ಪೂನ್ ಅನ್ನು ಒಮ್ಮೆ ಹೊಳೆಯಿಸಿ, ಆ ಹೊಳಪು ಬಹುಪಾಲು ಇಳಿದ ಮೇಲೆ ನೀರಿಗೆ ಬಿಡಿ. ಇಲ್ಲವೇ ಹೊಳೆಯದ ಚಿನ್ನದ ಬಣ್ಣದ್ದನ್ನು ಬಳಸಿ.

ಎರಡನೆಯದು ತಂಗೂಸಿಯ ತಿರುಚು. ಇದನ್ನು ಹೆಚ್ಚಿನವರು ಗಮನಿಸುವುದೇ ಇಲ್ಲ, ಆದರೆ ನನ್ನ ಲೆಕ್ಕದಲ್ಲಿ ಹಿಂದಿರುಗಿದ ಮೀನುಗಳಲ್ಲಿ ಅರ್ಧದಷ್ಟಕ್ಕೆ ಇದೇ ಕಾರಣ. ಸ್ಪಿನ್ನಿಂಗ್ ರೀಲ್ ಪ್ರತಿ ಬಾರಿ ಸುತ್ತಿಕೊಳ್ಳುವಾಗಲೂ ದಾರಕ್ಕೆ ತಿರುಚು ಕೊಡುತ್ತದೆ. ಚಳಿಯಲ್ಲಿ ತಂಗೂಸಿ ಸುರುಳಿಯಾಗಿಯೇ ಬಿಗಿದುಕೊಳ್ಳುತ್ತದೆ. ನೀವು ಕೈ ನಿಲ್ಲಿಸಿದ ಕೂಡಲೇ ಆ ತಿರುಚು ಬಿಚ್ಚಿಕೊಳ್ಳುವುದರಿಂದ, ಮೀನು ಎದುರಿಗೆ ನಿಂತು ನೋಡುತ್ತಿರುವ ಆ ನಾಲ್ಕೈದು ಸೆಕೆಂಡುಗಳಲ್ಲಿಯೇ ಸ್ಪೂನ್ ಬುಗುರಿಯಂತೆ ಗಿರಗಿರನೆ ಸುತ್ತುತ್ತದೆ. ಬದುಕಿರುವ ಯಾವ ಮಿನ್ನೋ ಕೂಡ ಹಾಗೆ ಸುತ್ತುವುದಿಲ್ಲ. ಪರೀಕ್ಷೆ ಸುಲಭ: ಕತ್ತಲಾಗುವ ಮೊದಲು ಸ್ಪೂನ್ ಅನ್ನು ಮಂಜುಗಡ್ಡೆಯ ಕೆಳಗೆ ಎರಡು ಅಡಿ ಇಳಿಸಿ, ಕೈ ಅಲುಗಾಡಿಸದೆ ಅರ್ಧ ನಿಮಿಷ ನೋಡಿ. ಸುತ್ತುತ್ತಿದ್ದರೆ ಸ್ಪೂನ್‌ನಿಂದ ಒಂದೂವರೆ ಅಡಿ ಮೇಲೆ ಸಣ್ಣ ಸ್ವಿವೆಲ್ ಕಟ್ಟಿ. ಮುಂದೆ ಸಾಧ್ಯವಾದಾಗ, ದಾರವನ್ನು ತಿರುಚದೆ ನೇರವಾಗಿ ಸುತ್ತಿಕೊಳ್ಳುವ ಇನ್‌ಲೈನ್ ರೀಲ್ ಕೊಳ್ಳುವುದನ್ನು ಯೋಚಿಸಿ.

ಮೂರನೆಯದು ನಿಮ್ಮ ಕೈ. ಮೀನು ದೂರವಿದ್ದಾಗ ಗಲಗಲ ಸದ್ದು ಅದನ್ನು ಕರೆಯುತ್ತದೆ, ಏಕೆಂದರೆ ಅದರ ಮೈಪಕ್ಕದ ಪಾರ್ಶ್ವರೇಖೆ ನೀರಿನ ಕಂಪನವನ್ನು ಹಿಡಿಯುತ್ತದೆ. ಗೆರೆ ಕಾಣಿಸಿದ ಕೂಡಲೇ ಆ ಸದ್ದು ನಿಲ್ಲಬೇಕು. ಕೋಲಿನ ತುದಿ ನಡುಗುವಷ್ಟು ಮಾತ್ರ ಅಲುಗಾಡಿಸಿ, ಸ್ಪೂನ್ ಅನ್ನು ಮೀನಿನಿಂದ ನಿಧಾನವಾಗಿ ಒಂದೊಂದೇ ಅಂಗುಲ ಮೇಲಕ್ಕೆ ಒಯ್ಯಿರಿ. ಅದು ಹಿಂಬಾಲಿಸಿದರೆ ಇನ್ನೂ ಮೇಲಕ್ಕೆ. ಎಂದಿಗೂ ಮೀನಿನ ತಲೆಯ ಮೇಲೆ ಇಳಿಸಬೇಡಿ. ವಾಲೈ ಬಾಯಿ ತೆರೆದು ನೀರಿನ ಜೊತೆ ಎರೆಯನ್ನು ಒಳಕ್ಕೆ ಎಳೆದುಕೊಳ್ಳುವ ಮೀನು. ಅನೇಕ ಬಾರಿ ಕಚ್ಚಿದ್ದು ಎಳೆತವಾಗಿ ತಿಳಿಯುವುದಿಲ್ಲ, ಸ್ಪೂನ್‌ನ ಭಾರ ಇದ್ದಕ್ಕಿದ್ದಂತೆ ಇಲ್ಲವಾದಂತೆ ಅನಿಸುತ್ತದೆ. ಆ ಕ್ಷಣದಲ್ಲಿಯೇ ಕೋಲು ಎತ್ತಬೇಕು.

ಚಳಿಗಾಲದಲ್ಲಿ ಒಬ್ಬರಿಗೆ ಎರಡು ಗಾಳಗಳಿಗೆ ಅವಕಾಶವಿರುವುದರಿಂದ, ಎರಡನೆಯ ರಂಧ್ರದಲ್ಲಿ ಬೆನ್ನಿನ ರೆಕ್ಕೆಯ ಹತ್ತಿರ ಚುಚ್ಚಿದ ಜೀವಂತ ಮಿನ್ನೋವನ್ನು ತಳದಿಂದ ಒಂದು ಅಡಿ ಮೇಲೆ ಸುಮ್ಮನೆ ನಿಲ್ಲಿಸಿ. ಸ್ಪೂನ್ ಕರೆದ ಮೀನನ್ನು ಎಷ್ಟೋ ಬಾರಿ ಹಿಡಿಯುವುದು ಆ ಸುಮ್ಮನಿರುವ ಗಾಳ.

ಎಲ್ಲವನ್ನೂ ಒಂದೇ ರಾತ್ರಿ ಬದಲಿಸಬೇಡಿ. ಯಾವುದು ಕೆಲಸ ಮಾಡಿತೆಂದು ತಿಳಿಯದೆ ಹೋಗುತ್ತದೆ. ಇದೇ ಕ್ರಮದಲ್ಲಿ ಒಂದೊಂದಾಗಿ ಮಾಡಿ.

ಮೂರನೆಯ ಉತ್ತರ

ಮೇಲಿನವರು ಹೇಳಿದ್ದಕ್ಕೆ ಒಂದು ಮಾತು ಸೇರಿಸುತ್ತೇನೆ. 14 ಅಡಿ ನೀರಿನಲ್ಲಿ ಕತ್ತಲಾದ ಮೇಲೆ ಬೈರಿಗೆ ಹಾಕಬೇಡಿ. ರಂಧ್ರಗಳನ್ನೆಲ್ಲ ನಾಲ್ಕು ಗಂಟೆಯೊಳಗೆ ಕೊರೆದು ಮುಗಿಸಿ, ಆಮೇಲೆ ಓಡಾಟವನ್ನೂ ಕಡಿಮೆ ಮಾಡಿ. ಹಿಮದ ಹೊದಿಕೆ ಇಲ್ಲದ ಮಂಜುಗಡ್ಡೆಯ ಮೇಲೆ ಬೂಟಿನ ಸದ್ದು ನೇರವಾಗಿ ನೀರಿಗಿಳಿಯುತ್ತದೆ.

ಇನ್ನೊಂದು ವಿಷಯವನ್ನು ನೀವು ಕೇಳಿಲ್ಲ, ಆದರೂ ಹೇಳದೆ ಇರಲಾರೆ. ಡೇರೆಯೊಳಗೆ ಪ್ರೊಪೇನ್ ಒಲೆ ಉರಿಸುತ್ತಿದ್ದರೆ ಮೇಲಿನ ಗಾಳಿಕಿಂಡಿಗಳನ್ನು ಎಷ್ಟೇ ಚಳಿಯಿದ್ದರೂ ಮುಚ್ಚಬೇಡಿ, ಬ್ಯಾಟರಿಯ ಕಾರ್ಬನ್ ಮಾನಾಕ್ಸೈಡ್ ಎಚ್ಚರಿಕೆ ಗಂಟೆ ಒಂದನ್ನು ಜೊತೆಗಿಟ್ಟುಕೊಳ್ಳಿ. ಆ ಅನಿಲಕ್ಕೆ ವಾಸನೆಯಿಲ್ಲ. ತಲೆನೋವು ಬಂದರೆ ಕೂಡಲೇ ಹೊರಗೆ ಬನ್ನಿ. ರಾತ್ರಿ ಹಿಂದಿರುಗುವಾಗ ಹಗಲಿನಲ್ಲಿ ಬಂದ ದಾರಿಯಲ್ಲಿಯೇ ನಡೆಯಿರಿ. ನಡೆಯುವವರಿಗೆ ಹೊಸದಾದ, ತಿಳಿಯಾದ ಮಂಜುಗಡ್ಡೆ ಕನಿಷ್ಠ 4 ಅಂಗುಲ ದಪ್ಪವಿರಬೇಕೆಂಬುದು ರಾಜ್ಯದ ನೈಸರ್ಗಿಕ ಸಂಪನ್ಮೂಲ ಇಲಾಖೆಯ ಸೂಚನೆ; ಬಿಳಿಯ ಮಂಜುಗಡ್ಡೆಯ ಬಲ ಅದರ ಅರ್ಧದಷ್ಟೇ ಆದ್ದರಿಂದ ಅಲ್ಲಿ ದಪ್ಪ ಇಮ್ಮಡಿಯಾಗಬೇಕು. ಮಿಲ್ ಲ್ಯಾಕ್ಸ್‌ನಂಥ ವಿಶಾಲ ಸರೋವರದಲ್ಲಿ ಬೆಳಿಗ್ಗೆ ಇಲ್ಲದ ಬಿರುಕು ಸಂಜೆಗೆ ತೆರೆದುಕೊಂಡಿರಬಹುದು.

ಪ್ರಶ್ನೆ ಕೇಳಿದವರು

ಎಲ್ಲರಿಗೂ ಹೃತ್ಪೂರ್ವಕ ಧನ್ಯವಾದಗಳು. ಶುಕ್ರವಾರ ದೀಪವನ್ನು ಸರಿಸಿ, ಹೊಳಪನ್ನು ತಗ್ಗಿಸಿದೆ, ಅಷ್ಟೇ. ಗೆರೆಗಳು ಮೊದಲಿಗಿಂತ ಹೆಚ್ಚು ಹೊತ್ತು ನಿಂತವು, ಆದರೆ ಯಾವುದೂ ಕಚ್ಚಲಿಲ್ಲ. ಶನಿವಾರ ಹಗಲಿನಲ್ಲಿ ಹೇಳಿದ ಪರೀಕ್ಷೆ ಮಾಡಿ ನೋಡಿದೆ: ಸ್ಪೂನ್ ಅರ್ಧ ನಿಮಿಷವಲ್ಲ, ಒಂದೂವರೆ ನಿಮಿಷ ಸುತ್ತುತ್ತಲೇ ಇತ್ತು. ಅದನ್ನು ಕಣ್ಣಾರೆ ಕಂಡಾಗ ಮೂರು ರಾತ್ರಿಗಳ ಗುಟ್ಟು ಅರ್ಥವಾಯಿತು. ಸ್ವಿವೆಲ್ ಕಟ್ಟಿದ ಸಂಜೆ ಆರು ಗೆರೆಗಳು ಮೇಲೆದ್ದು ಬಂದವು. ಎರಡು ಸ್ಪೂನ್ ಅನ್ನೇ ಹಿಡಿದವು, ಒಂದು ಪಕ್ಕದ ಮಿನ್ನೋವನ್ನು ನುಂಗಿತು. ಎರಡನೆಯ ಮೀನು ಭಾರ ಇಲ್ಲವಾದಂತೆಯೇ ಕಚ್ಚಿತು. ನೀವು ಬರೆಯದಿದ್ದರೆ ನಾನು ಕೋಲು ಎತ್ತುತ್ತಿರಲಿಲ್ಲ. ಈ ಸರೋವರಕ್ಕೆ ಅಳತೆ ಮತ್ತು ಸಂಖ್ಯೆಯ ನಿಯಮ ಬೇರೆಯೇ ಇರುವುದರಿಂದ ಮೂರನ್ನೂ ಅಳೆದು ನೋಡಿ, ಅಳತೆಗೆ ಹೊಂದದವನ್ನು ನೀರಿಗೆ ಬಿಟ್ಟೆ.

ಗೆಳೆಯನ ಗಾಳದಲ್ಲಿ ಇನ್ನೂ ಸ್ವಿವೆಲ್ ಇಲ್ಲ, ಅವನಿಗೆ ಆ ರಾತ್ರಿ ಒಂದೂ ಕಚ್ಚಲಿಲ್ಲ. ಮುಂದಿನ ಶನಿವಾರ ಅವನಿಗೂ ಕಟ್ಟಿಕೊಟ್ಟು, ಏನಾಯಿತೆಂದು ಇಲ್ಲಿಯೇ ಬರೆಯುತ್ತೇನೆ.